ನೋಬಿತಾ ಕೋಮಾದಲ್ಲಿದ್ದನೇ? ಕಾರ್ಟೂನ್ ಊಹೆಗಳು ಮತ್ತು ಪ್ರಾಕ್ಕಲ್ಪನೆಯ ಪಾಠ

ಬೋಧನಾಭ್ಯಾಸದಲ್ಲಿ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಸುಲಭವೆಂದು ಆರಿಸಿಕೊಂಡು ನೀರಸವಾಗಿ ಮುಗಿಸುವ ಪಾಠವೆಂದರೆ ‘ವೈಜ್ಞಾನಿಕ ವಿಧಾನ’. ಸಮಸ್ಯೆಯನ್ನು ಗುರುತಿಸುವುದು, ಪ್ರಾಕ್ಕಲ್ಪನೆ ರೂಪಿಸುವುದು, ಪರೀಕ್ಷಿಸುವುದು, ತೀರ್ಮಾನಿಸುವುದು ಎಂಬ ಹಂತಗಳು ಕಪ್ಪುಹಲಗೆಯ ಮೇಲೆ ಬರುತ್ತವೆ. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ‘ಪ್ರಾಕ್ಕಲ್ಪನೆ ಎಂದರೇನು?’ ಎಂಬ ಮೌಲ್ಯಮಾಪನದ ಪ್ರಶ್ನೆಗೆ ಒಬ್ಬಳು ಎದ್ದು ನಿಂತು ಬರೆದುಕೊಂಡದ್ದನ್ನೇ ಓದುತ್ತಾಳೆ. ವೀಕ್ಷಣಾ ನಮೂನೆಯಲ್ಲಿ ಅಂಕಗಳೂ ಬೀಳುತ್ತವೆ. ಆದರೆ ಆ ನಲವತ್ತು ನಿಮಿಷಗಳಲ್ಲಿ ತರಗತಿಯ ಯಾರೊಬ್ಬರೂ ಒಂದು ಪ್ರಾಕ್ಕಲ್ಪನೆಯನ್ನು ತಾವಾಗಿ ರೂಪಿಸಿರುವುದಿಲ್ಲ.

ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ಎಂಟನೆಯ ತರಗತಿಗೆ ನಡೆದ ಇಂಥದೇ ಒಂದು ಪಾಠದ ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: “ಸರ್, ನೋಬಿತಾ ಖರೇ ಅಂದ್ರ ಕೋಮಾದಾಗ ಇರ್ತಾನಂತ್ರಿ. ಡೋರೆಮಾನ್ ಇಲ್ಲೇ ಇಲ್ಲಂತ, ಎಲ್ಲಾ ಅವನ ಕನಸಂತ. ಹೌದೇನ್ರಿ?” ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ “ಪಾಠದಾಗಿಂದು ಕೇಳಪಾ” ಎಂದು ಅವನನ್ನು ಕೂರಿಸಿದರು. ಅವರನ್ನು ದೂರುವಂತಿಲ್ಲ. ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ, ಹಿಂದಿನ ಬೆಂಚಿನಲ್ಲಿ ನಮೂನೆ ಹಿಡಿದು ಕುಳಿತವರು ನಾವು. ಆದರೂ ಆ ಅವಧಿಯಲ್ಲಿ ತರಗತಿಯೊಳಗೆ ಕೇಳಿಬಂದ ಒಂದೇ ಒಂದು ಪ್ರಾಕ್ಕಲ್ಪನೆ ಅದಾಗಿತ್ತು.

ಕಾರ್ಟೂನ್ ಕತೆಗಳ ಬಗ್ಗೆ ಮಕ್ಕಳು ಕಟ್ಟುವ, ಮೊಬೈಲಿನಿಂದ ಹೊತ್ತು ತರುವ ಊಹೆಗಳು ಎಂಥವು, ಅವುಗಳಲ್ಲಿ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವುದು ಹೇಗೆ, ಆ ಬೇರ್ಪಡಿಸುವಿಕೆಯನ್ನೇ ಪಾಠ ಮಾಡುವುದು ಹೇಗೆ ಎಂಬುದು ಈ ಲೇಖನದ ವಿಷಯ.

‘ಥಿಯರಿ’ ಎಂಬ ಮಾತು

ಮಕ್ಕಳು ಇದಕ್ಕೆ ‘ಥಿಯರಿ’ ಎನ್ನುತ್ತಾರೆ. ಧಾರಾವಾಹಿಯೊಂದು ಏನನ್ನೋ ಮುಚ್ಚಿಟ್ಟು ಮುಂದೆ ಸಾಗುತ್ತಿರುತ್ತದೆ. ನೋಡುಗರು ಅಲ್ಲಲ್ಲಿ ಕಂಡ ಸುಳಿವುಗಳನ್ನು ಜೋಡಿಸಿ, ಕತೆಗಾರ ಬಾಯಿ ಬಿಡುವ ಮೊದಲೇ ಉತ್ತರ ಹೇಳಲು ನೋಡುತ್ತಾರೆ. ಇದರಲ್ಲಿ ನಮಗೆ ಹೊಸದೇನೂ ಇಲ್ಲ. 2015ರಲ್ಲಿ ‘ಬಾಹುಬಲಿ’ಯ ಮೊದಲ ಭಾಗ ಮುಗಿದಾಗಿನಿಂದ 2017ರಲ್ಲಿ ಎರಡನೆಯ ಭಾಗ ಬರುವವರೆಗೆ ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಎಂಬುದಕ್ಕೆ ಚಹಾದಂಗಡಿಯಲ್ಲಿ ಕುಳಿತ ಪ್ರತಿಯೊಬ್ಬರ ಬಳಿಯೂ ಒಂದೊಂದು ಉತ್ತರವಿತ್ತು.

ಆದರೆ ವಿಜ್ಞಾನದ ಶಿಕ್ಷಕರು ಇಲ್ಲಿ ಒಂದು ಗೆರೆ ಎಳೆಯಲೇಬೇಕು. ವಿಜ್ಞಾನದಲ್ಲಿ ಥಿಯರಿ ಎಂದರೆ ಸಿದ್ಧಾಂತ: ಹಲವು ಪರೀಕ್ಷೆಗಳಲ್ಲಿ ಉಳಿದು, ಹಲವು ಸಂಗತಿಗಳನ್ನು ಒಟ್ಟಿಗೆ ವಿವರಿಸುವ ಕಟ್ಟು. ಮಕ್ಕಳ ‘ಥಿಯರಿ’ ಅದಲ್ಲ, ಅದು ಪ್ರಾಕ್ಕಲ್ಪನೆ. ಈ ಎರಡನ್ನೂ ಒಂದೇ ಮಾತಿನಲ್ಲಿ ಕರೆಯಲು ಬಿಟ್ಟರೆ, ಮುಂದೆ ಜೀವವಿಕಾಸದ ಪಾಠಕ್ಕೆ ಬಂದಾಗ “ಅದೂ ಬರೇ ಥಿಯರಿ ಅಲ್ಲೇನ್ರಿ” ಎಂಬ ಮಾತು ಎದುರಾಗುತ್ತದೆ. ತರಗತಿಯಲ್ಲಿ ‘ಊಹೆ’ ಎಂದೇ ಕರೆಯುವುದು ಒಳ್ಳೆಯದು. ಅದಕ್ಕೆ ಪ್ರಾಕ್ಕಲ್ಪನೆ ಎಂಬ ಪಾರಿಭಾಷಿಕ ಪದವನ್ನು ಪಾಠದ ಕೊನೆಗೆ ಕೊಟ್ಟರೆ ಸಾಕು. ಅಷ್ಟು ಹೊತ್ತಿಗೆ ಮಕ್ಕಳ ಕೈಯಲ್ಲಿ ವಸ್ತು ಇರುತ್ತದೆ, ನಾವು ಹೆಸರಿಟ್ಟರಾಯಿತು.

ಆರು ಬೆರಳಿನ ಗ್ರಂಥಕರ್ತ

ಒಳ್ಳೆಯ ಊಹೆ ಹೇಗಿರುತ್ತದೆ ಎಂದು ತೋರಿಸಲು ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ‘ಗ್ರ್ಯಾವಿಟಿ ಫಾಲ್ಸ್’ ಎಂಬ ಅಮೆರಿಕದ ಅನಿಮೇಷನ್ ಸರಣಿ. ಅಲೆಕ್ಸ್ ಹರ್ಶ್ ರೂಪಿಸಿದ ಇದು ಡಿಸ್ನಿ ವಾಹಿನಿಯಲ್ಲಿ 2012ರ ಜೂನ್‌ನಲ್ಲಿ ಶುರುವಾಗಿ 2016ರ ಫೆಬ್ರುವರಿಯಲ್ಲಿ ಮುಗಿಯಿತು. ನಮ್ಮ ಮಕ್ಕಳಲ್ಲಿ ಇದನ್ನು ನೋಡಿದವರು ಕಡಿಮೆ, ಅದೇ ಅನುಕೂಲ. ಉತ್ತರ ಮೊದಲೇ ಗೊತ್ತಿರುವವರು ತರಗತಿಯಲ್ಲಿ ಇರುವುದಿಲ್ಲ. ವಿಡಿಯೊ ತೋರಿಸುವ ಅಗತ್ಯವೂ ಇಲ್ಲ, ಕತೆಯಾಗಿ ಹೇಳಿದರೆ ಆರೇಳು ನಿಮಿಷ.

ಹನ್ನೆರಡು ವರ್ಷದ ಅವಳಿ ಮಕ್ಕಳು ಡಿಪ್ಪರ್ ಮತ್ತು ಮೇಬಲ್. ಬೇಸಿಗೆ ರಜೆಗೆ ಗ್ರ್ಯಾವಿಟಿ ಫಾಲ್ಸ್ ಎಂಬ ಊರಿಗೆ, ಅಜ್ಜನ ಸೋದರ ಸ್ಟ್ಯಾನ್ ಮನೆಗೆ ಬರುತ್ತಾರೆ. ನಮ್ಮ ಕಡೆ ಮಕ್ಕಳಿಗೆ ‘ಸಣ್ಣ ಮುತ್ಯಾ’ ಎಂದರೆ ತಿಳಿಯುತ್ತದೆ. ಈ ಮುತ್ಯಾ ಪ್ರವಾಸಿಗರಿಗೆ ಸುಳ್ಳು ವಿಚಿತ್ರಗಳನ್ನು ತೋರಿಸಿ ದುಡ್ಡು ಮಾಡುವ ಆಸಾಮಿ. ಮೊದಲ ಕಂತಿನಲ್ಲೇ ಡಿಪ್ಪರ್‌ಗೆ ಕಾಡಿನಲ್ಲಿ ಬಚ್ಚಿಟ್ಟಿದ್ದ ಒಂದು ಕೈಬರಹದ ದಿನಚರಿ ಸಿಗುತ್ತದೆ. ಊರಿನ ವಿಚಿತ್ರ ಜೀವಿಗಳ ವಿವರವೆಲ್ಲ ಅದರಲ್ಲಿದೆ, ಬರೆದವರ ಹೆಸರಿಲ್ಲ. ಹೊದಿಕೆಯ ಮೇಲೆ ಬಂಗಾರದ ಬಣ್ಣದ ಒಂದು ಹಸ್ತ, ಅದರ ಮೇಲೆ 3 ಎಂಬ ಅಂಕೆ. ಹಸ್ತಕ್ಕೆ ಆರು ಬೆರಳು.

ಬರೆದವರು ಯಾರು? ಸುಮಾರು ಮೂರು ವರ್ಷ ನೋಡುಗರನ್ನು ಕಾಡಿದ ಪ್ರಶ್ನೆ ಇದು. ಸುಳಿವುಗಳು ಹೀಗೆ ಒಂದೊಂದಾಗಿ ಬಂದವು. ಮೊದಲ ಕಂತಿನ ಕೊನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಸ್ಟ್ಯಾನ್ ತಿಂಡಿ ಮಾರುವ ಯಂತ್ರದ ಹಿಂದಿನ ಗುಪ್ತ ಬಾಗಿಲಿನಿಂದ ಒಳಗೆ ಹೋಗುತ್ತಾನೆ. ಮುಂದೊಮ್ಮೆ ಮನೆಯಲ್ಲಿ ಬಹುಕಾಲ ಮುಚ್ಚಿದ್ದ ಕೋಣೆಯೊಂದು ಸಿಕ್ಕಾಗ ಅಲ್ಲಿದ್ದ ಒಂದು ಕನ್ನಡಕವನ್ನು ಆತ ಯಾರಿಗೂ ಕಾಣದಂತೆ ಎತ್ತಿಟ್ಟುಕೊಳ್ಳುತ್ತಾನೆ. ಊರವರು ಅವನನ್ನು ಸ್ಟ್ಯಾನ್‌ಫರ್ಡ್ ಎಂದು ಕರೆಯುತ್ತಾರೆ, ಆದರೆ ಅವನ ಕಾರಿನ ನಂಬರ್ ಪ್ಲೇಟಿನ ಅಕ್ಷರಗಳನ್ನು ಬಿಡಿಸಿದರೆ ‘ಸ್ಟ್ಯಾನ್ಲಿ’ ಎಂದಾಗುತ್ತದೆ. ಮೊದಲ ಸರಣಿಯ ಕೊನೆಗೆ ಮೂರೂ ದಿನಚರಿಗಳು ಸ್ಟ್ಯಾನ್ ಕೈಸೇರುತ್ತವೆ, ನೆಲಮಾಳಿಗೆಯಲ್ಲಿ ಆತ ಒಂದು ಭಾರೀ ಯಂತ್ರವನ್ನು ಚಾಲೂ ಮಾಡುತ್ತಾನೆ.

ತರಗತಿಯಲ್ಲಿ ಇಲ್ಲಿಗೆ ಕತೆ ನಿಲ್ಲಿಸಬೇಕು.

ಆಗ ನೋಡುಗರಲ್ಲಿ ಹರಿದಾಡಿದ ಮುಖ್ಯ ಊಹೆಗಳು ಮೂರು. ಬರೆದವನು ಸ್ಟ್ಯಾನೇ ಎಂಬುದು ಒಂದು. ಊರಿನ ಹುಚ್ಚನೆಂದು ಎಲ್ಲರೂ ನಗುವ, ಆದರೆ ಯಂತ್ರ ಕಟ್ಟುವುದರಲ್ಲಿ ವಿಪರೀತ ಜಾಣನಾದ ಮುದುಕ ಮೆಕ್‌ಗಕೆಟ್ ಎಂಬುದು ಇನ್ನೊಂದು. ಸ್ಟ್ಯಾನ್‌ಗೆ ನಮಗೆ ತೋರಿಸದ ಒಬ್ಬ ಅವಳಿ ಸೋದರನಿದ್ದಾನೆ, ಬರೆದವನು ಅವನು ಎಂಬುದು ಮೂರನೆಯದು.

ಮಕ್ಕಳ ಮುಂದೆ ಈ ಮೂರನ್ನು ಇಟ್ಟು ಮೊದಲು ಕೈ ಎತ್ತಿಸಿದರೆ ಹೆಚ್ಚಿನವರು ಸ್ಟ್ಯಾನ್ ಪರ ನಿಲ್ಲುತ್ತಾರೆ. ಕತೆಯಲ್ಲಿ ಹೆಚ್ಚು ಅನುಮಾನ ಹುಟ್ಟಿಸಿದವನು ಅವನೇ. ಆಮೇಲೆ ಒಂದೊಂದು ಸುಳಿವನ್ನೂ ಒಂದೊಂದು ಊಹೆಯ ಎದುರು ಹಿಡಿಯಬೇಕು. ಸ್ಟ್ಯಾನ್ ಕೈಗೆ ಐದೇ ಬೆರಳು. ತಾನೇ ಬರೆದಿದ್ದರೆ ಪುಸ್ತಕಗಳಿಗಾಗಿ ಅಷ್ಟು ಕಾಯಬೇಕಿತ್ತೇ? ಕನ್ನಡಕವನ್ನು ಬಚ್ಚಿಟ್ಟದ್ದು ಯಾಕೆ? ಮೆಕ್‌ಗಕೆಟ್ ಆಗಿದ್ದರೆ ನಂಬರ್ ಪ್ಲೇಟಿನ ಹೆಸರಿಗೂ ಅವನಿಗೂ ಏನು ಸಂಬಂಧ? ಸೋದರನಿದ್ದಾನೆ ಎಂದರೆ ಬೆರಳು, ಕನ್ನಡಕ, ಎರಡು ಹೆಸರು, ನೆಲಮಾಳಿಗೆಯ ಯಂತ್ರ ಎಲ್ಲವೂ ಒಂದೇ ದಾರಕ್ಕೆ ಬರುತ್ತವೆ. ಆದರೆ ಅದಕ್ಕೊಂದು ಬೆಲೆಯೂ ಇದೆ: ಯಾರೂ ಕಾಣದ ಹೊಸ ಮನುಷ್ಯನೊಬ್ಬನನ್ನು ಒಪ್ಪಿಕೊಳ್ಳಬೇಕು. ಕಡಿಮೆ ಸೇರಿಸಿ ಹೆಚ್ಚು ವಿವರಿಸುವ ಊಹೆ ಮೇಲು ಎಂದು ನಾವು ಹೇಳಿಕೊಡುತ್ತೇವಲ್ಲ, ಇಲ್ಲಿ ಆ ತೂಗುವಿಕೆ ನಿಜವಾಗಿ ಕಷ್ಟದ್ದು. ಚರ್ಚೆ ಕಾವೇರುವುದು ಇಲ್ಲೇ.

ಈ ಕತೆಯಲ್ಲಿ ಇನ್ನೂ ಎರಡು ಸಂಗತಿಗಳಿವೆ, ಶಿಕ್ಷಕರಿಗೆ ಬಂಗಾರದಂಥವು. 2013ರಲ್ಲಿ ನೋಡುಗರು ಉತ್ತರಕ್ಕೆ ತೀರಾ ಹತ್ತಿರ ಬಂದದ್ದನ್ನು ಕಂಡ ಹರ್ಶ್, ಮೆಕ್‌ಗಕೆಟ್ಟೇ ದಿನಚರಿ ಬರೆಯುತ್ತಿರುವಂತೆ ಒಂದು ಸುಳ್ಳು ಚಿತ್ರ ತಯಾರಿಸಿ, ಸ್ಟುಡಿಯೊದಿಂದ ಸೋರಿದ್ದೋ ಎಂಬಂತೆ ಹರಿಯಬಿಟ್ಟರು. ಅದರ ಬಗ್ಗೆ ಸಿಟ್ಟು ಬಂದವರಂತೆ ಒಂದು ಸಾಲು ಬರೆದು ಅಳಿಸಿಯೂ ಹಾಕಿದರು. ಬಹಳ ಜನ ನಂಬಿದರು. ಅದು ತಮ್ಮದೇ ಆಟವೆಂದು ಆಮೇಲೆ ಅವರೇ ಒಪ್ಪಿಕೊಂಡರು. ಸಾಕ್ಷ್ಯವೆಂದು ಒಂದು ಚಿತ್ರ ಕೈಗೆ ಬಂದಾಗ ಅದು ಎಲ್ಲಿಂದ ಬಂತು, ತಂದವನಿಗೆ ಏನು ಲಾಭ ಎಂದು ಕೇಳಬೇಕೆಂಬುದಕ್ಕೆ ಇದಕ್ಕಿಂತ ನಗುಮುಖದ ಉದಾಹರಣೆ ಸಿಗದು.

ಎರಡನೆಯದು, ಕತೆಯೊಳಗಿನ ಡಿಪ್ಪರ್ ತಾನೇ ತಪ್ಪುತ್ತಾನೆ. ಸಿಕ್ಕ ಲ್ಯಾಪ್‌ಟಾಪಿನ ಮೇಲೆ ಮೆಕ್‌ಗಕೆಟ್ ಹೆಸರು ಕಂಡು ಅವನೇ ಗ್ರಂಥಕರ್ತ ಎಂದು ತೀರ್ಮಾನಿಸುತ್ತಾನೆ. ಮುದುಕನ ಅಳಿಸಿಹೋದ ನೆನಪು ಮರಳಿದಾಗ ಆತ ಗ್ರಂಥಕರ್ತನಲ್ಲ, ಗ್ರಂಥಕರ್ತನ ಸಹಾಯಕನಾಗಿದ್ದವನು ಎಂದು ತಿಳಿಯುತ್ತದೆ. ಹುಡುಗ ತನ್ನ ಊಹೆಯನ್ನು ಬಿಡುತ್ತಾನೆ, ಹುಡುಕಾಟವನ್ನಲ್ಲ. 2015ರ ಮಾರ್ಚ್‌ನಲ್ಲಿ ಪ್ರಸಾರವಾದ ಕಂತಿನಲ್ಲಿ ಯಂತ್ರದ ದ್ವಾರದಿಂದ ಒಬ್ಬಾತ ಹೊರಬಂದು ದಿನಚರಿಯ ಮೇಲೆ ಕೈಯಿಡುತ್ತಾನೆ. ಆರು ಬೆರಳು. ಸ್ಟ್ಯಾನ್‌ನ ಸೋದರ. ನಿಜವಾದ ಸ್ಟ್ಯಾನ್‌ಫರ್ಡ್ ಅವನು. ಮುತ್ಯಾನ ಹೆಸರು ಸ್ಟ್ಯಾನ್ಲಿ, ಮೂವತ್ತು ವರ್ಷ ಸೋದರನ ಹೆಸರಿನಲ್ಲಿ ಬಾಳಿದವನು.

ಮೂರನೆಯ ಊಹೆ ಗೆದ್ದಿತು ಎನ್ನುವುದಕ್ಕಿಂತ ಅದು ಸೋಲಬಹುದಾಗಿತ್ತು ಎಂಬುದು ಮುಖ್ಯ. ಹೊರಬಂದವನಿಗೆ ಐದು ಬೆರಳಿದ್ದರೆ, ಸ್ಟ್ಯಾನ್‌ಗೂ ಅವನಿಗೂ ಸಂಬಂಧವಿಲ್ಲದಿದ್ದರೆ ಆ ಊಹೆ ಅಲ್ಲೇ ಮುಗಿಯುತ್ತಿತ್ತು. ತಪ್ಪೆಂದು ತೋರಿಸಲು ದಾರಿಯಿರುವ ಹೇಳಿಕೆ ಮಾತ್ರ ವಿಜ್ಞಾನದ್ದು ಎಂದು ಕಾರ್ಲ್ ಪಾಪರ್ 1934ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ತತ್ವಶಾಸ್ತ್ರದ ಪತ್ರಿಕೆಯಲ್ಲಿ ಅದನ್ನು ಓದಿ ಮರೆತವರಿಗೆ ಆರು ಬೆರಳು ನೆನಪಿನಲ್ಲಿ ಉಳಿಯುತ್ತದೆ.

ಸೋಲಲಾರದ ಊಹೆ

ಈಗ ನೋಬಿತಾ ವಿಷಯ. ಡೋರೆಮಾನ್ ಇಪ್ಪತ್ತೆರಡನೆಯ ಶತಮಾನದಿಂದ ಬಂದ ರೋಬೋಟ್ ಬೆಕ್ಕು. ಜಪಾನಿನ ಫುಜಿಕೊ ಎಫ್. ಫುಜಿಯೊ 1969ರ ಕೊನೆಯಲ್ಲಿ ಚಿತ್ರಕತೆಯಾಗಿ ಇದನ್ನು ಶುರುಮಾಡಿದರು. ಆಮೇಲೆ ಬಂದ ಅನಿಮೇಷನ್ ಸರಣಿ ನಮ್ಮ ಮನೆಗಳಿಗೆ ಹಿಂದಿಯಲ್ಲಿ ಬಂತು. ನಮ್ಮ ಭಾಗದ ಎಷ್ಟೋ ಮಕ್ಕಳು ಹಿಂದಿ ಕಲಿತದ್ದು ಶಾಲೆಯಲ್ಲಿ ಅಲ್ಲ, ಅದರಿಂದ. 1996ರಲ್ಲಿ ಲೇಖಕರು ತೀರಿಕೊಂಡರು, ಕತೆ ಕೊನೆಗಾಣದೆ ಉಳಿಯಿತು. ಬಾಕಿ ಉಳಿದ ಆ ಜಾಗಕ್ಕೆ ಊಹೆಗಳು ನುಗ್ಗಿದವು. ನೋಬಿತಾ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿರುವ ಹುಡುಗ, ಬೆಕ್ಕು, ಗೆಳೆಯರು, ಸಾಹಸ ಎಲ್ಲವೂ ಅವನ ಕನಸು ಎಂಬುದು ಅವುಗಳಲ್ಲಿ ಹೆಚ್ಚು ಹಬ್ಬಿದ್ದು. ಮೊದಲು ಜಪಾನಿನಲ್ಲಿ ಬಾಯಿಂದ ಬಾಯಿಗೆ ಹರಡಿ, ಈಗ ಸಣ್ಣ ವಿಡಿಯೊಗಳ ರೂಪದಲ್ಲಿ ನೆಲೋಗಿಯವರೆಗೆ ಬಂದಿದೆ.

ಇದರ ಪಕ್ಕದಲ್ಲಿ ಇನ್ನೊಂದು ಅಂತ್ಯವೂ ಇದೆ. ಬೆಕ್ಕಿನ ಬ್ಯಾಟರಿ ಮುಗಿದುಹೋಗುತ್ತದೆ. ಹೊಸದು ಹಾಕಿದರೆ ನೆನಪೆಲ್ಲ ಅಳಿಯುತ್ತದೆ, ಯಾಕೆಂದರೆ ನೆನಪಿನ ಕಾಪು ಇರಬೇಕಾದದ್ದು ಕಿವಿಯಲ್ಲಿ, ಡೋರೆಮಾನ್‌ಗೆ ಕಿವಿಯಿಲ್ಲ. ದಡ್ಡ ನೋಬಿತಾ ಹಟಹಿಡಿದು ಓದಿ, ದೊಡ್ಡ ರೋಬೋಟ್ ತಜ್ಞನಾಗಿ ಗೆಳೆಯನನ್ನು ಎಬ್ಬಿಸುತ್ತಾನೆ. ಇದು ಅಭಿಮಾನಿಗಳದ್ದೇ ರಚನೆ. ಅಂತರ್ಜಾಲದಲ್ಲಿ ಹರಿದು, 2005ರಲ್ಲಿ ಹವ್ಯಾಸಿ ಚಿತ್ರಕಾರರೊಬ್ಬರ ಕೈಯಲ್ಲಿ ಪುಸ್ತಿಕೆಯಾಗಿ ಸಾವಿರಾರು ಪ್ರತಿ ಮಾರಾಟವಾಯಿತು. ಅಧಿಕೃತವೆಂದೇ ಜನ ನಂಬತೊಡಗಿದಾಗ ಪ್ರಕಾಶಕರು ಆಕ್ಷೇಪಿಸಿದರು, 2007ರಲ್ಲಿ ಅವರು ಕ್ಷಮೆ ಕೇಳಿ ಹಣವನ್ನೂ ಕಟ್ಟಬೇಕಾಯಿತು. ಬಹಳ ಮಕ್ಕಳು ಇಂದಿಗೂ ಇದನ್ನೇ ‘ಕೊನೇ ಎಪಿಸೋಡ್’ ಎಂದು ಹೇಳುತ್ತಾರೆ. ಇದು ಊಹೆಯಲ್ಲ, ಮುಂದುವರಿಸಿ ಬರೆದ ಕತೆ. ಕತೆ ಮುಂದುವರಿಸುವುದು ಭಾಷಾ ತರಗತಿಗೆ ಚೆಂದದ ಚಟುವಟಿಕೆ, ಆದರೆ ಅದನ್ನು ಸಾಕ್ಷ್ಯದ ಪಾಠಕ್ಕೆ ಬೆರೆಸಬಾರದು.

ಕೋಮಾದ ಊಹೆಯ ದೋಷ ಬೇರೆ. ಅದು ಕೆಟ್ಟ ಊಹೆಯಾಗುವುದು ದುಃಖದ್ದೆಂಬ ಕಾರಣಕ್ಕಲ್ಲ. ಅದನ್ನು ತಪ್ಪೆಂದು ತೋರಿಸುವಂಥ ಒಂದು ದೃಶ್ಯವನ್ನಾದರೂ ಹೇಳು ಎಂದು ಹುಡುಗನನ್ನು ಕೇಳಿ ನೋಡಿ. ನೋಬಿತಾ ಓಡಿದರೆ, ಅದೂ ಕನಸು. ನೋಬಿತಾ ಇಲ್ಲದ ಜಾಗದಲ್ಲಿ ಶಿಜುಕಾ ಮಾತಾಡಿದರೆ, ಅದೂ ಕನಸು. ಡಾಕ್ಟರ್ ಬಂದು ಆರೋಗ್ಯವಾಗಿದ್ದಾನೆ ಎಂದರೆ, ಅದಂತೂ ಕನಸೇ. ಯಾವುದು ಬಂದರೂ ನುಂಗಿಕೊಳ್ಳುವ ಊಹೆ ಯಾವುದನ್ನೂ ವಿವರಿಸುವುದಿಲ್ಲ. ನೋಬಿತಾ ಬದಲು ಯಾವ ಕತೆಯ ಯಾವ ಪಾತ್ರವನ್ನು ಹಾಕಿದರೂ ಅದು ಅಷ್ಟೇ ಚೆನ್ನಾಗಿ ಹೊಂದುತ್ತದೆ. ಛೋಟಾ ಭೀಮ್ ಕೋಮಾದಲ್ಲಿದ್ದಾನೆ ಎಂದು ಹೇಳಿ ನೋಡಿ, ಮಕ್ಕಳೇ ನಕ್ಕು ದೋಷವನ್ನು ಹಿಡಿಯುತ್ತಾರೆ.

ಕಾರ್ಟೂನಿನ ಮಟ್ಟಿಗೆ ಇದರಿಂದ ಹಾನಿಯಿಲ್ಲ. ಆದರೆ ಇದೇ ಕಟ್ಟಿನ ಊಹೆಗಳು ಊರಿಗೂ ಬರುತ್ತವೆ. 2018ರ ಜುಲೈನಲ್ಲಿ ನಮ್ಮದೇ ವಿಭಾಗದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಜನ ಮುತ್ತಿ ಹೊಡೆದರು, ಒಬ್ಬ ಯುವ ಇಂಜಿನಿಯರ್ ಸತ್ತ. ಅಂಥ ವದಂತಿಯ ಒಳಗಟ್ಟನ್ನು ನೋಡಿ: ಚಾಕೊಲೇಟ್ ಕೊಟ್ಟರೆ ಆಮಿಷ, ಕೊಡದೆ ಸುಮ್ಮನಿದ್ದರೆ ಹೊಂಚು, ನಿಂತರೆ ಧೈರ್ಯ ನೋಡು, ಓಡಿದರೆ ತಪ್ಪು ಮಾಡಿದ್ದಕ್ಕೇ ಓಡಿದ. ಆ ಮನುಷ್ಯ ನಿರಪರಾಧಿ ಎಂದು ತೋರಿಸಲು ಆತ ಮಾಡಬಹುದಾದದ್ದು ಒಂದೂ ಉಳಿದಿರುವುದಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಈ ಘಟನೆಯನ್ನು ವಿವರವಾಗಿ ಹೇಳಬೇಕೆಂದು ನಾನು ಹೇಳುತ್ತಿಲ್ಲ. ಪ್ರಶಿಕ್ಷಣಾರ್ಥಿಗಳಿಗೆ ಮಾತ್ರ ಹೇಳಲೇಬೇಕು. “ಏನ್ ಕಂಡ್ರ ನೀ ಈ ಮಾತ ಬಿಡ್ತಿ?” ಎಂಬ ಪ್ರಶ್ನೆಯನ್ನು ಡೋರೆಮಾನ್ ಮೇಲೆ ಅಭ್ಯಾಸ ಮಾಡಿಸುವುದು ಕಾಲಹರಣ ಎನ್ನುವವರಿಗೆ ನನ್ನ ಉತ್ತರ ಅಷ್ಟೇ.

ಭೀಮಾ ದಂಡೆಯ ಗ್ರಂಥಕರ್ತ

ಕಾರ್ಟೂನಿನಿಂದ ಶುರುಮಾಡಿ ಕಾರ್ಟೂನಿನಲ್ಲೇ ಮುಗಿಸಿದರೆ ಮುಖ್ಯೋಪಾಧ್ಯಾಯರು ಕೇಳುವ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಅದೃಷ್ಟಕ್ಕೆ ‘ಹೆಸರಿಲ್ಲದ ಬರಹ, ಬರೆದವರು ಯಾರು?’ ಎಂಬ ಇದೇ ಒಗಟು ನಮ್ಮ ಭಾಗದ ಇತಿಹಾಸದಲ್ಲಿದೆ, ಅದೂ ಎಂಟನೆಯ ತರಗತಿಯ ಮಕ್ಕಳು ಹೆಸರು ಕೇಳಿ ಬಲ್ಲ ಜಾಗಗಳಲ್ಲಿ.

ಉತ್ತರ ಭಾರತದ ಬಂಡೆ, ಕಂಬಗಳ ಮೇಲೆ ಯಾರೂ ಓದಲಾಗದ ಲಿಪಿಯಿತ್ತು. ಕಲ್ಕತ್ತದ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಸಣ್ಣ ಸಣ್ಣ ಬರಹಗಳನ್ನು ನೋಡುವಾಗ ಬಹಳಷ್ಟು ಬರಹಗಳು ಒಂದೇ ಎರಡು ಅಕ್ಷರಗಳಿಂದ ಮುಗಿಯುವುದನ್ನು ಗಮನಿಸಿದರು. ಭಕ್ತರು ಕೊಟ್ಟ ಕಾಣಿಕೆಗಳ ಮೇಲಿನ ಬರಹವಾದ್ದರಿಂದ ಆ ಪದ ‘ದಾನಂ’ ಇರಬೇಕೆಂದು ಊಹಿಸಿದರು. ಆ ಊಹೆಯಿಂದ ಸಿಕ್ಕ ಅಕ್ಷರಗಳನ್ನು ಬೇರೆಡೆ ಹಾಕಿ ನೋಡಿದಾಗ ಅಲ್ಲೂ ಅರ್ಥ ಬಂತು. 1837ರ ಹೊತ್ತಿಗೆ ಬ್ರಾಹ್ಮಿ ಓದಿಗೆ ಸಿಕ್ಕಿತು. ಶಾಸನಗಳನ್ನು ಹಾಕಿಸಿದವನು ತನ್ನನ್ನು ‘ದೇವಾನಂಪಿಯ ಪಿಯದಸಿ’ ಎಂದು ಕರೆದುಕೊಂಡಿದ್ದ. ಆದರೆ ಆ ಹೆಸರಿನ ರಾಜ ಯಾರು?

ಪ್ರಿನ್ಸೆಪ್ ಮೊದಲು ಊಹಿಸಿದ್ದು ಸಿಂಹಳದ ದೇವಾನಂಪಿಯ ತಿಸ್ಸ ಎಂಬ ರಾಜನನ್ನು. ಬಿರುದು ಹೊಂದುತ್ತಿತ್ತು, ಆದರೆ ಊಹೆ ತಪ್ಪು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥವೊಂದರಲ್ಲಿ ಪಿಯದಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕ ಎಂಬುದನ್ನು ಕಂಡು ತಿಳಿಸಿದರು. ಪ್ರಿನ್ಸೆಪ್ ತಮ್ಮ ಊಹೆಯನ್ನು ಬಿಟ್ಟರು. ತಪ್ಪಿದ ವಿದ್ಯಾರ್ಥಿಯನ್ನು ತರಗತಿ ನಕ್ಕು ಕೂರಿಸುವ ಮೊದಲು ಈ ಒಂದು ಸಂಗತಿಯನ್ನು ಅವರಿಗೆಲ್ಲ ಹೇಳುವುದು ಒಳ್ಳೆಯದು.

ಹೀಗೆ ಹೊಸ ಊಹೆ ಬಂತು. ಆದರೂ ಅದು ಗ್ರಂಥದ ಆಧಾರದ್ದು, ಅಲ್ಲಿಯವರೆಗೆ ಸಿಕ್ಕ ಯಾವ ಶಾಸನದಲ್ಲೂ ಅಶೋಕ ಎಂಬ ಹೆಸರಿರಲಿಲ್ಲ. ಎಪ್ಪತ್ತೆಂಟು ವರ್ಷ ಕಾಯಬೇಕಾಯಿತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಬಂಡೆಯೊಂದರ ಮೇಲೆ ಬರಹ ಕಂಡರು. ಅಲ್ಲಿ ದೇವಾನಂಪಿಯ ಎಂಬ ಬಿರುದಿನ ಜೊತೆಗೇ ಅಸೋಕ ಎಂದು ಕೊರೆದಿತ್ತು. ದ್ವಾರದಿಂದ ಹೊರಬಂದವನ ಆರು ಬೆರಳು ಎಂದರೆ ಇದೇ. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಹೆಸರು ಸಿಕ್ಕಿತು.

ಇನ್ನು ಜೇವರ್ಗಿಯಿಂದ ಭೀಮೆ ಕೆಳಗೆ ಹರಿದು ತಲುಪುವ ಸನ್ನತಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಕಾಂಬೆಯ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ. ಎಷ್ಟೋ ತಲೆಮಾರು ಜನ ಕೈಮುಗಿದ ಕಲ್ಲು ಅದು, ಓದಿದವರಿರಲಿಲ್ಲ. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ರಾಣಿ ಪರಿವಾರದೊಂದಿಗೆ ನಿಂತ ರಾಜನ ಶಿಲ್ಪ ಸಿಕ್ಕಿತು, ಅದರ ಮೇಲೆ ‘ರಾಯೋ ಅಸೋಕೋ’ ಎಂಬ ಬರಹ. ನಮ್ಮ ಮಕ್ಕಳು ಚಂದ್ರಲಾಂಬೆಯ ಜಾತ್ರೆಗೆ ಹೋಗಿ ಬಂದವರು. ಮಸ್ಕಿಯನ್ನು ಪಠ್ಯಪುಸ್ತಕದ ಒಂದು ಸಾಲಾಗಿ ಓದಿಸುವ ಬದಲು ಈ ಕ್ರಮದಲ್ಲಿ ಹೇಳಿದರೆ ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಇಬ್ಬರು ಪ್ರಶಿಕ್ಷಣಾರ್ಥಿಗಳು ಸೇರಿ ಎರಡು ಅವಧಿಯ ಪಾಠ ಮಾಡಬಹುದು. ಅಂಥ ಜೋಡಿ ಪಾಠಕ್ಕೆ ನಮ್ಮ ಬೋಧನಾಭ್ಯಾಸದ ವೇಳಾಪಟ್ಟಿ ಸಾಮಾನ್ಯವಾಗಿ ಬಾಗುವುದಿಲ್ಲ, ಬಾಗಬೇಕು.

ತರಗತಿಯಲ್ಲಿ

ಪಾಠಯೋಜನೆಗೆ ಹೊಸ ನಮೂನೆ ಬೇಡ. ಈಗ ಬಳಸುವ ರಚನಾವಾದಿ ಹಂತಗಳಲ್ಲೇ ಇದು ಕೂರುತ್ತದೆ. ತೊಡಗಿಸಿಕೊಳ್ಳುವ ಹಂತದಲ್ಲಿ ದಿನಚರಿಯ ಕತೆ. ಅನ್ವೇಷಣೆಯಲ್ಲಿ ಮಕ್ಕಳು ನಾಲ್ಕೈದು ಜನರ ಗುಂಪಾಗಿ ಸುಳಿವುಗಳನ್ನು ಊಹೆಗಳ ಎದುರು ಹಿಡಿದು ನೋಡುವುದು. ಇದಕ್ಕೆ ಹದಿನೈದು ನಿಮಿಷವಾದರೂ ಬಿಡಬೇಕು, ಏಳೆಂಟು ನಿಮಿಷಕ್ಕೆ ನಿಲ್ಲಿಸಿದರೆ ಜೋರು ದನಿಯವರ ಊಹೆಯೇ ಗುಂಪಿನ ಊಹೆಯಾಗಿ ಹೊರಬರುತ್ತದೆ. ವಿವರಣೆಯಲ್ಲಿ ಪಾರಿಭಾಷಿಕ ಪದ, ವಿಸ್ತರಣೆಯಲ್ಲಿ ಮಸ್ಕಿ. ಮಾತು ನಡೆಯುವಾಗ ಪ್ರಶಿಕ್ಷಣಾರ್ಥಿಯ ಬಾಯಲ್ಲಿ ಇರಬೇಕಾದ ಪ್ರಶ್ನೆಗಳು ಎರಡೇ: “ಯಾವುದರಿಂದ ಗೊತ್ತಾಯ್ತು?”, “ಏನ್ ಕಂಡ್ರ ಬಿಡ್ತಿ?” ವೀಕ್ಷಣೆಗೆ ಕುಳಿತ ಅಧ್ಯಾಪ‌ಕರು ಸ್ವರಭಾರ, ಕಪ್ಪುಹಲಗೆಯ ಬಳಕೆಗಳ ಜೊತೆಗೆ ಈ ಎರಡು ಪ್ರಶ್ನೆಗಳು ಎಷ್ಟು ಸಲ ಬಂದವು, ಉತ್ತರಕ್ಕೆ ಎಷ್ಟು ಹೊತ್ತು ಕಾದರು ಎಂಬುದನ್ನು ಗುರುತು ಹಾಕಿದರೆ ವಿಮರ್ಶೆಗೆ ಗಟ್ಟಿ ಆಧಾರ ಸಿಗುತ್ತದೆ.

ಒಂದು ಎಚ್ಚರ. ಮಕ್ಕಳು ಉತ್ಸಾಹದಲ್ಲಿ ಊರಿನ ಯಾರದೋ ಮನೆ, ಶಾಲೆಯ ಯಾವುದೋ ಶಿಕ್ಷಕರ ಬಗ್ಗೆ ‘ಊಹೆ’ ಕಟ್ಟಲು ಹೊರಡುತ್ತಾರೆ. ಅದನ್ನು ಮೊದಲ ವಾಕ್ಯಕ್ಕೇ ತಡೆಯಬೇಕು. ಈ ಆಟಕ್ಕೆ ಕತೆಯ ಪಾತ್ರಗಳು, ಕಲ್ಲಿನ ಮೇಲಿನ ಬರಹಗಳು ಸಾಕು.

ಸಮಯ ಉಳಿದರೆ ಒಂದು ಸಂಕೇತದ ಆಟ ಇದೆ. ‘ಗ್ರ್ಯಾವಿಟಿ ಫಾಲ್ಸ್’ನ ಪ್ರತಿ ಕಂತಿನ ಕೊನೆಯಲ್ಲಿ ಒಂದು ಗುಪ್ತ ಸಾಲು ಬರುತ್ತಿತ್ತು. ಮೊದಮೊದಲ ಕಂತುಗಳಲ್ಲಿ ಇಂಗ್ಲಿಷಿನ ಪ್ರತಿ ಅಕ್ಷರದ ಬದಲು ಮೂರು ಮನೆ ಮುಂದಿನ ಅಕ್ಷರವನ್ನು ಬರೆದಿರುತ್ತಿದ್ದರು. ಕನ್ನಡದಲ್ಲಿ ವ್ಯಂಜನಗಳನ್ನು ವರ್ಣಮಾಲೆಯ ಕ್ರಮದಲ್ಲಿ ಒಂದು ಮನೆ ಮುಂದೆ ಸರಿಸಿ, ಸ್ವರಚಿಹ್ನೆಗಳನ್ನು ಹಾಗೇ ಬಿಟ್ಟರೆ ಸಾಕು. ಹಲಗೆಯ ಮೇಲೆ ‘ಪೆವೋಘಿ’ ಎಂದು ಬರೆಯಿರಿ, ನಿಯಮ ಹೇಳಬೇಡಿ. ಯಾರಾದರೂ ಅದು ಊರಿನ ಹೆಸರೆಂದು ಹಿಡಿದಾಗ ಒಡನೆ ಶಹಬ್ಬಾಸ್ ಅನ್ನಬೇಡಿ. ಒಂದೇ ಪದಕ್ಕೆ ಹೊಂದುವ ನಿಯಮಗಳು ಬೇರೆಯೂ ಇರಬಹುದು. ಅದರ ಕೆಳಗೆ ‘ಝೇಶಲ್ಘಿ’ ಎಂದು ಬರೆದು, ನಿನ್ನ ನಿಯಮ ಇದಕ್ಕೂ ನಡೆಯುತ್ತದೇನು ನೋಡು ಎಂದು ಸೀಮೆಸುಣ್ಣವನ್ನು ಅವಳ ಕೈಗೆ ಕೊಡಿ.